ಸರ್ವರ್ ರೂಮಿನ ಗೋಡೆ

ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದಾಗ, ಇವತ್ತು ಪಾಪು ಎಲ್ಲರೆದುರು ತನ್ನನ್ನು ಭಾವ ಎಂದು ಕರೆದೇ ಕರೆಯುತ್ತಾನೆ ಎಂದು ಅವನಿಗೆ ಖಾತ್ರಿಯಾಗಿಬಿಟ್ಟಿತು. ಹೇಗೆ ಎಂದರೆ ಹೇಳಲಾರ. ಕನ್ನಡಿಯಲ್ಲಿ ಅರ್ಧ ಮುಖ ನೊರೆ, ಅರ್ಧ ಮುಖ ತನ್ನದು. ತನ್ನದಾದ ಅರ್ಧವೇ ಹೆಚ್ಚು ಕಳ್ಳಕಳ್ಳವಾಗಿ ಕಂಡಿತು. ಪಾಪು ಎಂದರೆ ಮಗುವೇನಲ್ಲ. ಹೆಂಡತಿಯ ತಮ್ಮ. ತುಂಬು ಗಡ್ಡ, ಬೆಲ್ಟಿನ ಮೇಲೆ ಆರಾಮಾಗಿ ಕೂತ ಹೊಟ್ಟೆ. ಆಫೀಸುಗಳಿಗೆ ಕಂಪ್ಯೂಟರಿನ ಕೇಬಲ್ ಎಳೆದು, ಕರೆಂಟು ಹೋದರೂ ಕೆಲಸ ನಿಲ್ಲದ ಹಾಗೆ ಯುಪಿಎಸ್ಸು, ಬ್ಯಾಟರಿ, ಜನರೇಟರು ಕೂರಿಸಿಕೊಡುವ ಕಂಟ್ರಾಕ್ಟರು. ಶಾಲೆಯಲ್ಲಿ ಬರೆಸಿದ ಹೆಸರು ಬೇರೆಯೇ ಇದೆ, ಆದರೆ ಮನೆಯಲ್ಲಿ ಯಾರ ನಾಲಿಗೆಯೂ ಅದಕ್ಕೆ ಹೊರಳುವುದಿಲ್ಲ. ಇವನ ಆಫೀಸು ಜಾಗ ಸಾಲದೆ ಮೇಲಿನ ಮಹಡಿಯನ್ನೂ ಬಾಡಿಗೆಗೆ ಹಿಡಿದಿತ್ತು. ಅಲ್ಲಿ ಯಾರು ಎಲ್ಲಿ ಕೂರಬೇಕು, ಯಾವ ಮೇಜಿಗೆ ಯಾವ ವೈರು ಬರಬೇಕು ಎನ್ನುವುದೆಲ್ಲ ಆಡಳಿತಾಧಿಕಾರಿಯಾದ ಇವನ ತಲೆಗೆ ಬಿದ್ದಿತ್ತು. ಊಟ ಮಾಡುತ್ತ ಮಹಡಿಯ ಸುದ್ದಿ ಬಾಯಿಬಿಟ್ಟದ್ದಷ್ಟೇ ಇವನು ಮಾಡಿದ ತಪ್ಪು. ಪಾಪು ತಾನಾಗಿಯೇ ಬಂದು ಕೆಲಸಕ್ಕೆ ನಿಂತ. ಬೇರೆ ಕಂಟ್ರಾಕ್ಟರುಗಳು ಬಣ್ಣದ ಚಿತ್ರ ಕಳಿಸಿ ಸುಮ್ಮನಾದರೆ ಪಾಪು ಏಣಿ ಹತ್ತಿ, ಟೇಪು ಹಿಡಿದು, ತಲೆತುಂಬ ಧೂಳು ಮಾಡಿಕೊಂಡು ಅಳೆದ. ಮೀಟಿಂಗಿನಲ್ಲಿ ಮ್ಯಾನೇಜರು, “ಈ ಹುಡುಗ ಪರವಾಗಿಲ್ಲ, ಇವನಿಗೇ ಕೊಡೋಣ” ಎಂದಾಗ ಇವನು ಹೇಳಬೇಕಾಗಿದ್ದುದು ಒಂದೇ ಮಾತು. ಸಾರ್, ಇವನು ನನ್ನ ಬಾಮೈದ. ಅದಕ್ಕೆಂದು ಬಾಯಿ ತೆರೆದವನು ಯಾಕೋ ನೀರಿನ ಲೋಟಕ್ಕೆ ಕೈಹಾಕಿದ. ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮಾತು ಕುರ್ಚಿಗಳ ಬಣ್ಣಕ್ಕೆ ಹೋಗಿತ್ತು. ಆ ಮಾತು ಅಂದಿನಿಂದ ಗಂಟಲಲ್ಲೇ ಇದೆ.

“ಪಾಪುಗೆ ಇನ್ನೊಂದ್ಸಲ ಫೋನ್ ಮಾಡಿ ಹೇಳ್ಬಿಡೇ,” ಎಂದ, ಬಚ್ಚಲಿನಿಂದಲೇ.

“ಏನಂತ?” ಎಂದಳು ಹೆಂಡತಿ.

“ಸಾರ್ ಅನ್ನು ಅಂತ. ಇವತ್ತು ಡೈರೆಕ್ಟರ್ ಮೇಡಂ ಬರ್ತಿದಾರೆ.”

“ಮೊನ್ನೆ ಹೇಳಿದೀನಿ, ನಿನ್ನೆ ಹೇಳಿದೀನಿ. ಹಾಗೇ ನಮ್ಮಮ್ಮನಿಗೂ ಒಂದು ಮಾತು ಹೇಳಿಬಿಡ್ಲಾ? ಅವರೂ ಒಂದೊಂದ್ಸಲ ಮೈಮರೆತು ಅಳಿಯಂದ್ರೇ ಅಂದ್ಬಿಡ್ತಾರೆ.”

“ಇದು ಆಫೀಸಿನ ಪ್ರೊಸೀಜರು ಕಣೇ. ನಿನಗೆ ಅರ್ಥ ಆಗಲ್ಲ.”

“ಮದುವೆ ಆಗೋವಾಗ ಪ್ರೊಸೀಜರ್ ನೋಡ್ಲಿಲ್ವಲ್ಲ,” ಎಂದು ಅವಳು ಡಬ್ಬಿಯ ಮುಚ್ಚಳ ಒತ್ತಿದಳು. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು ಡಬ್ಬಿ. ಪಾಪು ಬೆಳಿಗ್ಗೆ ಏನೂ ತಿನ್ನದೆ ಕೆಲಸಕ್ಕೆ ಓಡುತ್ತಾನೆ ಎಂದು ಈಚೆಗೆ ಅವನದನ್ನೂ ಇವನೇ ಒಯ್ಯಬೇಕಾಗಿತ್ತು. “ಅದಿರಲಿ, ಆಫೀಸಲ್ಲಿ ನಿಮಗೆ ಸಿಗೋ ಹೊಸ ರೂಮಿನ ಕಿಟಕಿ ಅಳತೆ ತನ್ನಿ. ಪರದೆ ಹೊಲಿಸ್ತೀನಿ.”

ಆ ರೂಮಿಗೆ ಕಿಟಕಿಯೇ ಇಲ್ಲ ಎನ್ನಲು ಅವನಿಗೆ ಮನಸ್ಸಾಗಲಿಲ್ಲ.

ಸ್ಕೂಟರಿನ ಮೇಲೆ ಕೂತಾಗ ಎರಡು ಡಬ್ಬಿಗಳೂ ಕಾಲ ಬಳಿ ಒಂದಕ್ಕೊಂದು ತಾಗಿ ಟಣ್ ಟಣ್ ಎನ್ನತೊಡಗಿದವು. ಚಿಕ್ಕವನಿದ್ದಾಗ ಅದೇ ಜಾಗದಲ್ಲಿ ಪಾಪು ನಿಲ್ಲುತ್ತಿದ್ದ, ಎರಡೂ ಕೈಯಲ್ಲಿ ಹ್ಯಾಂಡಲಿನ ನಡುಭಾಗ ಹಿಡಿದು, ಬರುವ ಗಾಳಿಗೆಲ್ಲ ಬಾಯಿ ತೆರೆದುಕೊಂಡು. ಮದುವೆಯ ಹೊಸತರಲ್ಲಿ ಹೆಂಡತಿಯನ್ನು ಒಬ್ಬಳನ್ನೇ ಎಲ್ಲಿಗೂ ಕರೆದುಕೊಂಡು ಹೋದ ನೆನಪೇ ಅವನಿಗಿಲ್ಲ. ಪಾರ್ಕಿಗೆ ಹೋದರೆ ಪಾಪು, ಸಿನಿಮಾಕ್ಕೆ ಹೋದರೆ ನಡುವಿನ ಸೀಟಿನಲ್ಲಿ ಪಾಪು. ಆ ಹುಡುಗನಿಗೆ ತಂಡಿಯೆಂದರೆ ಆಗದು. ಸ್ವಲ್ಪ ನೆನೆದರೆ ಸಾಕು, ಎದೆ ಕಟ್ಟಿ ಹಳೇ ಹಾರ್ಮೋನಿಯಂ ಹಾಗೆ ಕುಂಯ್ ಎನ್ನುತ್ತಿತ್ತು. ಬಿಸಿನೀರಿನ ಪಾತ್ರೆ ಮುಂದಿಟ್ಟು, ಟವೆಲ್ಲಿನಡಿ ಇಬ್ಬರೂ ತಲೆ ತೂರಿಸಿ, ನೀನು ಉಸಿರು ಎಳಿ, ನಾನೂ ಎಳೀತೀನಿ ಎಂದು ಆಟ ಕಟ್ಟಬೇಕಾಗಿತ್ತು. ಆ ಮಬ್ಬು ಹಬೆಯಲ್ಲಿ ಪುಟ್ಟ ಕೆಂಪು ಮುಖವೊಂದು ಅವನನ್ನೇ ನಂಬಿ ನೋಡುತ್ತಿತ್ತು. ಸೋಮವಾರ ಮೇಲಿನ ಮಹಡಿಯಲ್ಲಿ ಸರ್ವರ್ ರೂಮಿನ ಗೋಡೆಯನ್ನು ಮುಟ್ಟಿದಾಗಲೂ ಅಂಗೈಗೆ ಅದೇ ಬಗೆಯ ತೇವ. ಒಬ್ಬನೇ ಹೋಗಿದ್ದ. ನೋಡಬೇಕಾದ್ದೇನೂ ಇರಲಿಲ್ಲ, ತನ್ನ ರೂಮನ್ನು ಒಮ್ಮೆ ನೋಡಿ ಬರೋಣವೆಂದು ಹೋಗಿದ್ದನೇ ಹೊರತು ಇದನ್ನಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಅವನ ಮೇಜು ಜೆರಾಕ್ಸ್ ಯಂತ್ರದ ಪಕ್ಕ. ಯಾರು ಬಂದರೂ ಮೊದಲು ತಮ್ಮ ಕಾಗದವನ್ನು ಅವನ ಮೇಜಿನ ಮೇಲಿಟ್ಟು, ಕೆಲಸ ಮುಗಿದ ಮೇಲೆ ಅವನ ಕಡೆ ನೋಡದೆ ಎತ್ತಿಕೊಂಡು ಹೋಗುವರು. ಹೊಸ ನಕ್ಷೆಯಲ್ಲಿ ಒಳಮೂಲೆಯ ಒಂದು ಪುಟ್ಟ ಕೋಣೆಯ ಮೇಲೆ ‘ಆಡಳಿತ’ ಎಂದು ಅವನ ಕೈಯಿಂದಲೇ ಬರೆಯಲಾಗಿತ್ತು. ಅದಕ್ಕೆ ಬಾಗಿಲಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಆ ಚಿಲಕವನ್ನು ಒಮ್ಮೆ ಹಾಕಿ ಒಮ್ಮೆ ತೆಗೆದು, ಹಿಂದಿರುಗುವಾಗ ದಾರಿಯಲ್ಲಿ ಸಿಕ್ಕ ಸರ್ವರ್ ರೂಮಿನ ಜಾಗದಲ್ಲಿ ಗೋಡೆಗೆ ಸುಮ್ಮನೆ ಕೈಯಿಟ್ಟ. ಎಲ್ಲ ಮೇಜಿನ ಕೇಬಲ್ಲುಗಳೂ ಬಂದು ಸೇರುವ ಪೆಟ್ಟಿಗೆ, ಯುಪಿಎಸ್ಸು, ಸಾಲುಸಾಲು ಬ್ಯಾಟರಿ ಎಲ್ಲವೂ ಈ ಗೋಡೆಗೇ ಆತು ಕೂರಬೇಕೆಂದು ಪಾಪುವಿನ ನಕ್ಷೆ. ಗೋಡೆಯ ಆ ಬದಿಗೆ ಕಕ್ಕಸು. ಸುಣ್ಣ ಹಿಟ್ಟಿನ ಹಾಗೆ ಬೆರಳಿಗೆ ಬಂತು. ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ಆಚೀಚೆ ನೋಡಿ, ಏನೋ ಕದ್ದವನ ಹಾಗೆ ಮೆಟ್ಟಿಲಿಳಿದಿದ್ದ.

ಪಾಪುವಿಗೆ ಹೇಳಬೇಕಾಗಿತ್ತು. ಮಂಗಳವಾರ ಹೇಳೋಣವೆಂದುಕೊಂಡ, ಅವತ್ತು ಪಾಪು ತುಂಬ ಖುಷಿಯಲ್ಲಿದ್ದ. ಬುಧವಾರ ಪಾಪು ಬೇಜಾರಲ್ಲಿದ್ದ. ಖುಷಿಯಲ್ಲಿರುವವನಿಗೂ ಬೇಜಾರಲ್ಲಿರುವವನಿಗೂ ಹೇಳಬಾರದ ಮಾತೆಂದರೆ ಯಾವಾಗಲೂ ಹೇಳಬಾರದ ಮಾತೇ ಸರಿ ಎಂದು ಅವನ ಮನಸ್ಸು ತಾನೇ ತೀರ್ಪು ಕೊಟ್ಟುಕೊಂಡಿತು. ಹುಡುಗನ ಉತ್ಸಾಹಕ್ಕೆ ತಣ್ಣೀರೆರಚಬಾರದು. ಹೆಂಡತಿ ನೊಂದುಕೊಳ್ಳುತ್ತಾಳೆ. ಅತ್ತೆಯ ಮುಂದೆ ಮುಖ ಹೇಗೆ ತೋರಿಸಲಿ? ಹೀಗೆ ಒಂದೊಂದಾಗಿ ಕಾರಣಗಳನ್ನು ಮಣೆ ಹಾಕಿ ಕೂರಿಸಿ ಉಪಚಾರ ಮಾಡುತ್ತಿದ್ದಾಗ, ಬಾಗಿಲ ಹಿಂದೆ ಇನ್ನೊಂದು ಕಾರಣ ನಿಂತಿರುವುದು ಅವನಿಗೆ ಗೊತ್ತಿತ್ತು. ಅದನ್ನು ಒಳಗೆ ಕರೆಯಲಿಲ್ಲ. ಇಡೀ ಮಹಡಿಯಲ್ಲಿ ನೀರಿನ ಪೈಪು ಹಾಯದ, ಬಿಸಿಲು ಬೀಳದ, ಬಾಗಿಲಿಗೆ ಭದ್ರವಾದ ಚಿಲಕವಿದ್ದ ಇನ್ನೊಂದು ರೂಮು ಎಂದರೆ ಒಂದೇ. ಗೋಡೆ ಒದ್ದೆ ಎಂದು ಬಾಯಿಬಿಟ್ಟ ಮರುಗಳಿಗೆಯಲ್ಲೇ ಬ್ಯಾಟರಿಗಳು ಮೆರವಣಿಗೆ ಹೊರಟು ಬಂದು ಅವನ ರೂಮಿನಲ್ಲಿ ಕೂರುತ್ತಿದ್ದವು.

ಆಫೀಸಿಗೆ ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅಕೌಂಟ್ಸಿನಾಕೆ ಎದುರು ನಿಂತಿದ್ದಳು. ಈಚೆಗೆ ಅವನ ಮೇಜಿನ ಮುಂದೆ ಹೀಗೆ ಜನ ನಿಲ್ಲುತ್ತಿದ್ದರು. ಹೊಸ ಮಹಡಿಯಲ್ಲಿ ಕೆಲವು ಮೇಜುಗಳಿಗೆ ಮಾತ್ರ ಕೆಂಪು ಸಾಕೆಟ್ಟು. ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಯುವುದು ಅವಷ್ಟೇ. ಮಿಕ್ಕವರದು ಬಿಳಿ. ಬ್ಯಾಟರಿ ಎಲ್ಲರನ್ನೂ ಹೊರಲಾರದು, ಕೆಲಸ ನಿಂತರೆ ನಷ್ಟವಾಗುವ ಕಡೆ ಮಾತ್ರ ಕೆಂಪು ಇರಲಿ ಎಂದು ಪಾಪು ಹೇಳಿದ್ದು ಇಷ್ಟೇ. ಆದರೆ ಅದು ಮಾರನೆಯ ದಿನವೇ ಆಫೀಸಿನಲ್ಲಿ, ಯಾರು ಬೇಕಾದವರು ಯಾರು ಬೇಡದವರು ಎಂಬ ಪ್ರಶ್ನೆಯಾಗಿ, ಅದಕ್ಕೆ ಉತ್ತರ ಬರೆಯುವ ಪೆನ್ನು ಇವನ ಕೈಯಲ್ಲಿದೆ ಎಂದಾಗಿಬಿಟ್ಟಿತ್ತು.

“ನನಗೆ ಬಿಳಿ ಅಂತೆ,” ಎಂದಳು ಆಕೆ.

“ಅದು ಇನ್ನೂ ತೀರ್ಮಾನ ಆಗಿಲ್ಲ ಮೇಡಂ.”

“ಸೇಲ್ಸಿನೋರಿಗೆ ಕೆಂಪಂತೆ. ಅವರು ಕಾಫಿ ಮಷೀನ್ ಹಾಕ್ಕೋತಾರಂತೆ ಅದಕ್ಕೆ. ಕರೆಂಟು ಹೋದ್ರೆ ಅವರು ಕಾಫಿ ಕುಡೀಲಿ, ನಾನು ಕತ್ತಲಲ್ಲಿ ಕೂತು ಬೆರಳು ಎಣಿಸ್ತೀನಿ. ಲೆಕ್ಕ ತಾನೇ, ಬೆರಳಲ್ಲೂ ಆಗುತ್ತೆ.”

“ನೋಡೋಣ ಮೇಡಂ, ಏನಾದ್ರೂ ಮಾಡೋಣ.”

“ನೀವು ಯಾವಾಗ್ಲೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೇ ಮಾತಾಡ್ತೀರ,” ಎಂದು ಆಕೆ ಹೊರಟಳು. ಗೋಡೆ ಎಂಬ ಮಾತಿಗೆ ಅವನು ಬೆಚ್ಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ನಿಜವಾಗಿಯೂ ಅಂಗೈ ತಿರುಗಿಸಿ ಸುಣ್ಣ ಇದೆಯೇ ಎಂದು ನೋಡಿಕೊಂಡ. ಅಷ್ಟರಲ್ಲಿ ಟಪಾಲು ವಿಭಾಗದ ಹಿರಿಯರು ಬಂದು ಮೇಜಿನ ಅಂಚು ಹಿಡಿದು ನಿಂತರು. ಅವರಿಗೆ ಕಂಪ್ಯೂಟರೇ ಇಲ್ಲ. ಇರುವುದೊಂದು ಗೋಂದಿನ ಬಾಟಲಿ, ಒಂದು ಮೊಹರು.

“ನನಗೂ ಒಂದು ಕೆಂಪು ಹಾಕಿಸಿಬಿಡಿ ಸಾರ್.”

“ಏನು ಸಿಗಿಸ್ತೀರಿ ಅದಕ್ಕೆ?”

“ಏನೂ ಇಲ್ಲ. ಸುಮ್ನೆ ಇರಲಿ, ಮರ್ಯಾದೆಗೆ.”

ಇವನಿಗೆ ನಗು ಬಂತು. ಆ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ಬಾಗಿಲಿಗಾಗಿ ಹಂಬಲಿಸುವವನು ಸಾಕೆಟ್ಟಿಗಾಗಿ ಹಂಬಲಿಸುವವನನ್ನು ಕಂಡು ನಗುವುದು ಯಾವ ನ್ಯಾಯ? ಆಗಲಿ ಎಂದ. ಅವರು ಹೋದ ಮೇಲೆ ನಕ್ಷೆಯಲ್ಲಿ ಟಪಾಲಿನ ಮೇಜಿಗೆ ಪುಟ್ಟದೊಂದು ಕೆಂಪು ಚುಕ್ಕಿ ಇಟ್ಟು, ಅಕೌಂಟ್ಸಿಗೂ ಒಂದಿಟ್ಟು, ಕಾಫಿ ಮಷೀನಿನ ಚುಕ್ಕಿಯನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಸೇಲ್ಸಿನವನ ದೊಡ್ಡ ದನಿ ನೆನಪಾಗಿ ಅದನ್ನೂ ಇಟ್ಟ. ಬ್ಯಾಟರಿ ಹೊರುತ್ತದೋ ಇಲ್ಲವೋ, ತಾನಂತೂ ಇಷ್ಟು ಜನರನ್ನು ಹೊರಲಾರೆ ಎನ್ನಿಸಿತು.

ಡೈರೆಕ್ಟರ್ ಮೇಡಂ ಮಧ್ಯಾಹ್ನಕ್ಕೆ ಮುಂಚೆಯೇ ಬಂದರು. ಮೆಲುದನಿಯ, ಸಣ್ಣ ಗಾತ್ರದ ಹೆಂಗಸು. ಅವರ ದನಿ ಕೇಳಲೆಂದು ಎಲ್ಲರೂ ಬಗ್ಗಿಕೊಂಡೇ ನಡೆಯಬೇಕಾಗಿ ಬಂದು, ಅವರ ಸುತ್ತ ಯಾವಾಗಲೂ ಒಂದಿಷ್ಟು ಜನ ನಮಸ್ಕಾರ ಮಾಡುತ್ತಿರುವಂತೆ ಕಾಣುತ್ತಿತ್ತು. ಮೇಲಿನ ಮಹಡಿಯಲ್ಲಿ ಮೊದಲು ನೃತ್ಯಶಾಲೆ ಇದ್ದದ್ದರಿಂದ ಎದುರುಬದುರು ಎರಡು ಗೋಡೆಗಳಿಗೂ ನೆಲದಿಂದ ಸೂರಿನವರೆಗೆ ಕನ್ನಡಿ. ಮ್ಯಾನೇಜರು, ಮೇಡಂ, ಪಾಪು, ಇವನು, ಕರೆಯದಿದ್ದರೂ ಬಂದ ಅಕೌಂಟ್ಸಿನಾಕೆ, ಹೀಗೆ ಐದೇ ಜನ ಒಳಗೆ ಬಂದರೂ ಒಂದು ಸಣ್ಣ ಜಾತ್ರೆಯೇ ನೆರೆದಂತಾಯಿತು. ತನ್ನ ಬೋಳುನೆತ್ತಿಯ ಹಿಂಭಾಗ ಇಷ್ಟು ಅಗಲವಾಗಿದೆ ಎಂದು ಅವನಿಗೆ ಗೊತ್ತಾದದ್ದು ಆಗಲೇ. ಅಷ್ಟೂ ನೆತ್ತಿಗಳ ನಡುವೆ ಪಾಪು ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟು, ಗಡ್ಡ ಬಾಚಿಕೊಂಡು, ಅರಳು ಹುರಿದಂತೆ ಮಾತಾಡುತ್ತಿದ್ದ.

“ಕೇಬಲ್ ಎಲ್ಲ ಸೂರಿನ ಮೇಲಿಂದ ಬರುತ್ತೆ ಸಾರ್, ಸಾರಿ, ಮೇಡಂ. ಕರೆಂಟಿನ ವೈರು ಬೇರೆ ದಾರಿ, ಕಂಪ್ಯೂಟರ್ ವೈರು ಬೇರೆ ದಾರಿ. ಎರಡನ್ನೂ ಒಟ್ಟಿಗೆ ಮಲಗಿಸಬಾರದು ಸಾರ್,” ಎಂದು ಇವನ ಕಡೆ ತಿರುಗಿದ. ಪ್ರತಿ ಮಾತಿನ ಕೊನೆಗೂ ಇವನ ಕಡೆ ತಿರುಗಿ ಒಂದು ಸಾರ್ ಹಾಕುತ್ತಿದ್ದ. ಹೆಂಡತಿ ಎಷ್ಟು ಗಟ್ಟಿಯಾಗಿ ಹೇಳಿದ್ದಳೋ, ಆ ಸಾರ್‌ಗಳ ಹೊಡೆತಕ್ಕೆ ಮ್ಯಾನೇಜರೇ ಒಮ್ಮೆ ಹುಬ್ಬೇರಿಸಿದರು. “ಕರೆಂಟು ಹೋದ ತಕ್ಷಣ ಯುಪಿಎಸ್ ಹಿಡಿದುಕೊಳ್ಳುತ್ತೆ ಸಾರ್. ಅಷ್ಟರಲ್ಲಿ ತಾರಸಿ ಮೇಲೆ ಜನರೇಟರು ಎದ್ದೇಳುತ್ತೆ ಸಾರ್. ಕಂಪ್ಯೂಟರಿಗೆ ಕರೆಂಟು ಹೋಗಿದ್ದೇ ಗೊತ್ತಾಗಲ್ಲ ಸಾರ್.”

“ಜನರೇಟರ್ ಶಬ್ದ?” ಎಂದರು ಮೇಡಂ. ಎಲ್ಲರೂ ಬಗ್ಗಿದರು.

“ಪೆಟ್ಟಿಗೆ ಹಾಕಿ ಮುಚ್ತೀವಿ ಮೇಡಂ. ನಮ್ಮನೆ ಮಿಕ್ಸಿಗಿಂತ ಕಮ್ಮಿ.”

ಮೇಡಂ ನಕ್ಕರು. ಮ್ಯಾನೇಜರೂ ನಕ್ಕರು. ಇವನು ಒಂದು ಉಸಿರು ತಡವಾಗಿ ನಕ್ಕ. ಕನ್ನಡಿಯಲ್ಲಿ ಅವನ ಅಷ್ಟೂ ಪ್ರತಿಬಿಂಬಗಳು ತಡವಾಗಿ ನಕ್ಕವು. ಆಮೇಲೆ ಎಲ್ಲರೂ ಸರ್ವರ್ ರೂಮಿನ ಜಾಗಕ್ಕೆ ಬಂದರು. ಪೆಟ್ಟಿಗೆ ಇಲ್ಲಿ, ಬ್ಯಾಟರಿ ಇಲ್ಲಿ ಎಂದು ಕೈಬೀಸಿ ಹೇಳುತ್ತ ಹೇಳುತ್ತ ಪಾಪು, ಮನೆಯಲ್ಲಿ ಊಟವಾದ ಮೇಲೆ ಆತು ನಿಲ್ಲುವ ಹಾಗೆ, ಹಾಯಾಗಿ ಆ ಗೋಡೆಗೆ ಆತು ನಿಂತ. ಇವನು ಒಂದು ಹೆಜ್ಜೆ ಮುಂದಿಟ್ಟ. ಈಗ ಹೇಳಬೇಕು. ಮೇಡಂ, ಒಂದು ನಿಮಿಷ, ಎಂದರಾಯಿತು. ಆದರೆ ಈಗ ಹೇಳಿದರೆ, ಯಾವಾಗ ಗೊತ್ತಾಯಿತು ಎಂದು ಕೇಳುತ್ತಾರೆ. ಸೋಮವಾರ ಎಂದರೆ, ಸೋಮವಾರದಿಂದ ಏನು ಮಾಡುತ್ತಿದ್ದೆ ಎನ್ನುತ್ತಾರೆ. ಈಗಷ್ಟೇ ಎಂದರೆ, ಕೈ ಇಡದೆ ಹೇಗೆ ಗೊತ್ತಾಯಿತು? ಹಾಗಾದರೆ ಮೊದಲು ಹೋಗಿ ಗೋಡೆ ಮುಟ್ಟಬೇಕು, ಮುಟ್ಟಿ ಆಶ್ಚರ್ಯಪಡಬೇಕು. ಆಶ್ಚರ್ಯದ ಮುಖ ಹೇಗಿರಬೇಕೆಂದು ಅವನು ಯೋಚಿಸುತ್ತಿರುವಾಗಲೇ ಮೇಡಂ, “ಸರಿ, ಚೆನ್ನಾಗಿದೆ, ಹೀಗೇ ಮಾಡಿ,” ಎಂದುಬಿಟ್ಟರು. ಪಾಪು ಗೋಡೆ ಬಿಟ್ಟು, ದಾರಿ ತೋರಿಸಲು ಮುಂದಾದ.

ಬೆನ್ನಿನ ತುಂಬ ಒದ್ದೆ. ತಿಳಿನೀಲಿ ಅಂಗಿ ಹೆಗಲಿಂದ ಸೊಂಟದವರೆಗೆ ಕಡುನೀಲಿಯಾಗಿ, ನಡುವೆ ಸುಣ್ಣದ ಬಿಳಿ ಮೆತ್ತಿಕೊಂಡು, ಭೂಪಟದ ಒಂದು ಖಂಡದ ಹಾಗಿತ್ತು. ಯೋಚಿಸುವ ಮುಂಚೆಯೇ ಇವನ ಕಾಲು ಓಡಿ ಪಾಪುವಿನ ಹಿಂದೆ ಅಂಟಿಕೊಂಡಿತು. ಮೇಡಮ್ಮಿಗೆ ಆ ಬೆನ್ನು ಕಾಣಬಾರದು. ಪಾಪು ಎಡಕ್ಕೆ ಹೋದರೆ ಎಡಕ್ಕೆ, ನಿಂತರೆ ನಿಂತ, ತಿರುಗಿದರೆ ಅವನ ಹಿಂದೆಯೇ ಸುತ್ತು ಬಂದ. ಮೇಡಂ ಒಮ್ಮೆ ಇವನನ್ನು ನೋಡಿದರು, ಒಮ್ಮೆ ಮ್ಯಾನೇಜರನ್ನು. ಹಾಲಿನ ನಡುವಿಗೆ ಬಂದಾಗ ಅವನು ತಲೆಯೆತ್ತಿದ. ಎದುರುಬದುರಿನ ಕನ್ನಡಿಗಳಲ್ಲಿ ಬೇರೆ ಬೇರೆ ಕೋನದಲ್ಲಿ ಸಾಲುಸಾಲು ಒದ್ದೆ ಬೆನ್ನುಗಳು. ಪ್ರತಿಯೊಂದರ ಹಿಂದೆಯೂ ಅದನ್ನು ಮುಚ್ಚಲು ಕೈ ಹರಡಿ ನಿಂತ, ಕೋಳಿ ಹಿಡಿಯಲು ಹೊರಟಂತಿದ್ದ ಒಬ್ಬ ಬೋಳುತಲೆಯವನು. ಅಕೌಂಟ್ಸಿನಾಕೆ ಬಾಯಿಗೆ ಸೆರಗು ಹಿಡಿದಿದ್ದಳು. ಆಗ ಪಾಪು ಸೀನಿದ. ಒಂದಲ್ಲ, ಒಂದರ ಬೆನ್ನಿಗೊಂದು. ಸೀನಿನ ಬಾಲಕ್ಕೆ ಎದೆಯೊಳಗಿಂದ ಸಣ್ಣಗೆ ಕುಂಯ್ ಎಂದಿತು.

“ಪಾಪು, ಮೊದಲು ಆ ಅಂಗಿ ಬಿಚ್ಚೋ,” ಎಂದ ಅವನು. “ಬೆನ್ನೆಲ್ಲ ಒದ್ದೆ ಆಗಿದೆ. ಆ ಗೋಡೆಗೆ ಯಾಕೋ ಆತ್ಕೊಂಡೆ? ಮತ್ತೆ ಎದೆ ಕಟ್ಟಿಕೊಂಡ್ರೆ ನಿಮ್ಮಕ್ಕನಿಗೆ ನಾನೇನು ಹೇಳ್ಲಿ?”

ಮಾತು ಹೊರಗೆ ಬಂದ ಮೇಲೆ ಅದು ತನ್ನ ದನಿ ಎಂದು ಅವನಿಗೆ ತಿಳಿಯಿತು. ಮೇಡಂ ಬಹಳ ಮೆಲ್ಲಗೆ ಕೇಳಿದರು: “ಪಾಪು ಯಾರು?”

“ನಾನೇ ಮೇಡಂ,” ಎಂದ ಪಾಪು, ಗಡ್ಡ ಸವರಿಕೊಳ್ಳುತ್ತ. ಆಮೇಲೆ, ಇನ್ನೂ ಉಳಿಸಬಹುದೇನೋ ಎಂಬಂತೆ, ಇವನ ಕಡೆ ತಿರುಗಿ, “ಏನೂ ಆಗಿಲ್ಲ ಸಾರ್,” ಎಂದ.

ಅವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಮೀಟಿಂಗಿನಿಂದ ಗಂಟಲಲ್ಲೇ ಇದ್ದ ಮಾತನ್ನು ಈಗ ಹೇಳದೆ ವಿಧಿಯಿರಲಿಲ್ಲ. “ಸಾರ್, ಇವನು ನನ್ನ ಬಾಮೈದ. ಮೊದಲೇ ಹೇಳಬೇಕಾಗಿತ್ತು. ಮುಚ್ಚಿಟ್ಟೆ. ಏನು ಶಿಕ್ಷೆ ಕೊಟ್ಟರೂ…”

“ಗೊತ್ತು ಬಿಡ್ರಿ,” ಎಂದರು ಮ್ಯಾನೇಜರು.

“ಗೊತ್ತಾ?”

“ದಿನಾ ಅವನಿಗೆ ಕುಡಿಯೋ ನೀರು ಬಿಸಿ ಮಾಡಿಸಿ ಕೊಡ್ತೀರಿ. ಯಾವ ಆಫೀಸರ್ರೀ ಕಂಟ್ರಾಕ್ಟರಿಗೆ ಬಿಸಿನೀರು ಕೊಡ್ತಾನೆ? ಇಬ್ಬರ ಡಬ್ಬೀಲೂ ಒಂದೇ ಅಡುಗೆ. ಕೇಳಿ ಇವರನ್ನ.”

“ನಿನ್ನೆ ಇಬ್ಬರದ್ದರಲ್ಲೂ ಉಪ್ಪು ಜಾಸ್ತಿ ಆಗಿತ್ತು,” ಎಂದಳು ಅಕೌಂಟ್ಸಿನಾಕೆ. “ಇಬ್ಬರೂ ಒಂದೇ ಥರ ಮುಖ ಮಾಡಿದ್ರಿ.”

“ಬೇರೆ ಯಾರೇ ಆಗಿದ್ರೂ ವಿಚಾರಣೆ ಮಾಡ್ತಿದ್ದೆ,” ಎಂದರು ಮ್ಯಾನೇಜರು, ಅವನ ಭುಜ ತಟ್ಟುತ್ತ. “ನೀವಲ್ವಾ, ಸುಮ್ಮನಾದೆ. ಒಳಗೊಳಗೇ ಏನಾದ್ರೂ ಮಾಡೋದೆಲ್ಲ ನಿಮ್ಮ ಕೈಲಿ ಎಲ್ಲಾಗುತ್ತೆ?”

ಇಷ್ಟು ದಿನ ಅವನು ತನ್ನನ್ನು ಏನೇನೋ ಎಂದು ಬೈದುಕೊಂಡಿದ್ದ. ಕಳ್ಳ, ಸ್ವಜನಪಕ್ಷಪಾತಿ, ನಂಬಿಕೆದ್ರೋಹಿ. ಆ ಬೈಗುಳಗಳಲ್ಲಿ ಒಂದು ತೂಕವಿತ್ತು. ಸ್ನಾನ ಮಾಡುವಾಗ ಅವುಗಳಿಂದ ಅವನು ತನ್ನ ಕಣ್ಣಿಗೇ ಕೊಂಚ ಎತ್ತರವಾಗಿಯೂ ಕಂಡಿದ್ದ. ಈಗ ಒಂದೇ ಭುಜತಟ್ಟಿನಲ್ಲಿ ಅಷ್ಟೂ ಉದುರಿಹೋಗಿ, ಜೆರಾಕ್ಸ್ ಯಂತ್ರದ ಪಕ್ಕದ ನಿರುಪದ್ರವಿ ಪ್ರಾಣಿಯೊಂದು ಉಳಿಯಿತು. ಮೇಡಂ ಅಷ್ಟರಲ್ಲಿ ಗೋಡೆಯ ಬಳಿಗೆ ಹೋಗಿ ಎರಡು ಬೆರಳಿಟ್ಟು ನೋಡಿದರು. ಬೆರಳು ಮೂಸಿದರು.

“ಇಲ್ಲಿ ಬ್ಯಾಟರಿ ಇಡೋದು ಬೇಡ,” ಎಂದರು. “ಒಣಗಿರೋ ರೂಮು ಯಾವುದಿದೆ?”

ಪಾಪು ತಲೆತಗ್ಗಿಸಿದ. ಮ್ಯಾನೇಜರು ನಕ್ಷೆ ತಿರುಗಿಸಿ ತಿರುಗಿಸಿ ನೋಡಿದರು. ಯಾರೂ ಹೇಳದಿದ್ದರೆ ಇನ್ನೊಂದು ನಿಮಿಷದಲ್ಲಿ ಅವರಿಗೇ ಸಿಗುತ್ತಿತ್ತು. ಆ ಒಂದು ನಿಮಿಷ ತನ್ನದಾಗಲಿ ಎನ್ನಿಸಿತೋ ಏನೋ, ಇವನೇ ಕೈ ಚಾಚಿ ಒಳಮೂಲೆಯ ಕೋಣೆ ತೋರಿಸಿದ. ಮೇಡಂ ಹೋಗಿ ಗೋಡೆ ಮುಟ್ಟಿ, ಚಿಲಕ ಹಾಕಿ ತೆಗೆದು, ತಲೆಯಾಡಿಸಿ ಬಂದರು. “ಇದು ಯಾರಿಗೆ ಅಂತ ಇತ್ತು?” ಎಂದು ಕೇಳಿದರು. “ಯಾರಿಗೂ ಅಂತಲ್ಲ ಮೇಡಂ,” ಎಂದ.

ಅವರೆಲ್ಲ ಕೆಳಗಿಳಿದ ಮೇಲೆ ಇಬ್ಬರೇ ಉಳಿದರು. ಪಾಪು ಅಂಗಿ ಬಿಚ್ಚಿ ಕಿಟಕಿಗೆ ಹರವಿ, ಇವನ ಕರವಸ್ತ್ರದಿಂದ ಬೆನ್ನು ಒರೆಸಿಕೊಳ್ಳಲು ಹೋಗಿ, ಕೈ ಎಟುಕದೆ ಸುಮ್ಮನೆ ನಿಂತ. ಇವನೇ ಒರೆಸಿದ. ಬನಿಯನ್ನಿನಲ್ಲಿ ಪಾಪು ಒಮ್ಮೆಗೇ ಚಿಕ್ಕವನಾಗಿ ಕಂಡ. ಹುಡುಗ ಬುದ್ಧಿವಂತ ಎಂದುಕೊಂಡಿದ್ದೆ, ಒಂದು ಗೋಡೆ ಮುಟ್ಟಿ ನೋಡಲೂ ತಿಳಿಯಲಿಲ್ಲವಲ್ಲ ಎಂಬ ಯೋಚನೆ ಬಂದು, ಅದರ ಒಳಗೆ ಒಂದು ಸಣ್ಣ ಸಂತೋಷವೂ ಇರುವುದನ್ನು ಕಂಡು ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಹೆಂಡತಿಯ ಮನೆಯವರು ಪ್ರತಿ ಊಟದಲ್ಲೂ ಪಾಪು ಹಾಗೆ ಪಾಪು ಹೀಗೆ ಎನ್ನುತ್ತಿದ್ದರು.

“ಸೋಮವಾರಾನೇ ನೋಡಿದ್ದೆ ಕಣೋ ಆ ಗೋಡೇನ,” ಎಂದ.

ಪಾಪು ತಿರುಗಲಿಲ್ಲ. “ಮತ್ತೆ ಯಾಕೆ ಹೇಳ್ಲಿಲ್ಲ ಭಾವ? ನಾನೇನು ಹೊರಗಿನವನಾ?”

“ಹೇಳಿದ್ರೆ ನನ್ನ ರೂಮು ಹೋಗ್ತಿತ್ತು.”

ಹೇಳಿದ ಮೇಲೆ ಕರವಸ್ತ್ರ ಹಿಂಡುತ್ತ ನಿಂತ. ಬೈಯಲಿ, ಅಥವಾ ಅತ್ತುಬಿಡಲಿ, ಏನಾದರೂ ಆಗಲಿ. ಪಾಪುವಿನ ಬೆನ್ನು ಅಲುಗತೊಡಗಿತು. ಮತ್ತೆ ಎದೆ ಕಟ್ಟಿತೇ ಎಂದು ಹೆದರಿ ಮುಂದೆ ಬಂದು ನೋಡಿದರೆ ನಗುತ್ತಿದ್ದ.

“ಭಾವ, ನಾನು ಮೊದಲನೇ ದಿನಾನೇ ನೋಡಿದ್ದೆ. ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಒದ್ದೆ ಗೋಡೆ ಗೊತ್ತಾಗಲ್ವಾ? ನನ್ನ ಮೊದಲನೇ ನಕ್ಷೇಲಿ ಬ್ಯಾಟರಿ ಎಲ್ಲ ಆ ಒಳಗಿನ ರೂಮಲ್ಲೇ ಇತ್ತು.”

“ಮತ್ತೆ?”

“ಅಕ್ಕ ಹೇಳಿದ್ಲು. ನಿಮ್ಮ ಭಾವನಿಗೆ ಕೊನೆಗೂ ಒಂದು ರೂಮು ಆಗ್ತಿದೆ ಕಣೋ, ಮೂಲೇದಂತೆ, ಬಾಗಿಲು ಇದೆಯಂತೆ, ಹೇಳುವಾಗ ಮುಖ ಹೇಗಾಗಿತ್ತು ಗೊತ್ತಾ ಅಂತ. ಅದಕ್ಕೇ ಈ ಕಡೆ ತಂದೆ. ಪೈಪು ರಿಪೇರಿ ಮಾಡಿಸಿ, ಗೋಡೆಗೆ ನೀರು ತಡೆಯೋ ಬಣ್ಣ ಹೊಡೆಸಿ, ಆಮೇಲೆ ಕೂರಿಸೋಣ ಅಂತಿದ್ದೆ. ನಿಮಗೆ ಹೇಳಿದ್ರೆ ನೀವು ಪ್ರೊಸೀಜರ್ ಅಂತೀರ.”

“ಗೊತ್ತಿದ್ದೂ ಆ ಗೋಡೆಗೆ ಆತ್ಕೊಂಡ್ಯಾ?”

“ಮಾತಿನ ಭರದಲ್ಲಿ ಮರೆತೇಹೋಯ್ತು ಭಾವ.”

ಅವನು ನೆಲದ ಮೇಲೆ ಕೂತುಬಿಟ್ಟ. ತನಗಾಗಿ ಯಾರಾದರೂ ಏನನ್ನಾದರೂ ಕದಲಿಸಿದ್ದು ಅವನ ಬದುಕಿನಲ್ಲಿ ಇದೇ ಮೊದಲು. ಅದೂ ಒಂದು ಇಡೀ ಸರ್ವರ್ ರೂಮನ್ನು. ಕಣ್ಣು ಒದ್ದೆಯಾಯಿತು. ಆ ಒದ್ದೆಯ ಹಿಂದೆಯೇ ಇನ್ನೊಂದು ಯೋಚನೆ ಮೆಲ್ಲಗೆ ತಲೆಯೆತ್ತಿತು. ಅಂದರೆ, ಆಫೀಸಿನ ನಕ್ಷೆಯನ್ನು ಅವನ ಅನುಕೂಲಕ್ಕಾಗಿ ಬಾಮೈದ ಬದಲಾಯಿಸಿದ್ದ. ಬ್ಯಾಟರಿಗಳನ್ನು ಕಕ್ಕಸಿನ ಪಕ್ಕಕ್ಕೆ ತಳ್ಳಿದ್ದ. ಅದು ತಿಳಿಯದಿದ್ದರೂ, ಗೋಡೆ ಒದ್ದೆ ಎಂದು ಗೊತ್ತಿದ್ದೂ ತಾನು ಬಾಯಿ ಮುಚ್ಚಿಕೊಂಡಿದ್ದ. ಹಾಗಾದರೆ ಅನ್ಯಾಯ ನಡೆದದ್ದು ನಿಜ. ಒಳಗೊಳಗೇ ಏನಾದರೂ ಮಾಡುವುದು ತನ್ನ ಕೈಲೂ ಆಗಿತ್ತು. ಧಡಕ್ಕನೆ ಎದ್ದು, ಪ್ಯಾಂಟಿನ ಧೂಳು ಕೊಡವಿ, “ಇಲ್ಲೇ ಇರು,” ಎಂದು ಕೆಳಗಿಳಿದ.

ಮ್ಯಾನೇಜರು ಫೋನಿನಲ್ಲಿದ್ದರು. ಮುಗಿಯುವವರೆಗೂ ಬಾಗಿಲಲ್ಲಿ ನಿಂತಿದ್ದು, ಒಳಗೆ ಹೋಗಿ, ಕೂರದೆಯೇ, ಎಲ್ಲವನ್ನೂ ಹೇಳಿದ. ಸೋಮವಾರ ತಾನು ಗೋಡೆ ಮುಟ್ಟಿದ್ದು, ರೂಮಿನ ಆಸೆಗೆ ಸುಮ್ಮನಿದ್ದದ್ದು, ಅದೇ ರೂಮಿಗಾಗಿ ಬಾಮೈದ ಮೊದಲೇ ನಕ್ಷೆ ತಿರುಚಿದ್ದು. ಮಾತು ಎಲ್ಲೂ ತಡವರಿಸಲಿಲ್ಲ. ಹೇಳುತ್ತ ಹೋದಂತೆ ಬೆನ್ನು ತಾನಾಗಿ ನೆಟ್ಟಗಾಯಿತು. ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವನನ್ನೇ ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ಏನೋ ಮಿನುಗಿತು.

“ಎಂಥ ಮನುಷ್ಯರ್ರೀ ನೀವು,” ಎಂದರು. “ಹುಡುಗ ಗೋಡೆ ನೋಡದೆ ತಪ್ಪು ಮಾಡ್ದ, ಆಯ್ತು, ಬಿಟ್ವಲ್ಲ. ಅವನ ಹೆಸರು ಕೆಡಬಾರದು ಅಂತ ಇಷ್ಟು ದೊಡ್ಡ ಕತೆ ಕಟ್ಟಿಕೊಂಡು ಬಂದಿದೀರಲ್ಲ. ತಪ್ಪೆಲ್ಲ ನಿಮ್ಮ ಮೇಲೆ ಹಾಕ್ಕೊಂಡು.”

“ಇಲ್ಲ ಸಾರ್, ನಿಜವಾಗ್ಲೂ ನಾನೇ ರೂಮಿನ ಆಸೆಗೆ…”

“ನಿಮಗೆ ರೂಮಿನ ಆಸೆ,” ಎಂದು ಅವರು ನಕ್ಕುಬಿಟ್ಟರು. “ಇಷ್ಟು ವರ್ಷ ಆ ಜೆರಾಕ್ಸ್ ಪಕ್ಕ ಕೂತಿದೀರಿ, ಒಂದು ದಿನ ಒಂದು ಮಾತು ಕೇಳಿದೀರಾ? ಹೋಗ್ರಿ, ಕೆಲಸ ನೋಡಿ. ಮೇಡಂ ಕೂಡ ಹೋಗುವಾಗ ಹೇಳಿದ್ರು, ಇಂಥೋರು ಈ ಕಾಲದಲ್ಲಿ ಅಪರೂಪ ಅಂತ.”

ಹೊರಗೆ ಬಂದರೆ ಅಕೌಂಟ್ಸಿನಾಕೆ ಎದ್ದು ನಿಂತಳು. ಬಾಗಿಲು ತೆರೆದಿದ್ದರಿಂದ ಅಷ್ಟೂ ಕೇಳಿಸಿಕೊಂಡಿದ್ದಳು. “ನನಗೆ ಬಿಳಿ ಸಾಕೆಟ್ಟೇ ಇರಲಿ ಸಾರ್,” ಎಂದಳು ಮೆತ್ತಗೆ. ಟಪಾಲಿನವರು ದೂರದಿಂದಲೇ ಕೈಮುಗಿದರು. ಅವನು ಯಾರ ಮುಖವನ್ನೂ ನೋಡದೆ, ಯಾರಾದರೂ ಒಬ್ಬರು ತನ್ನನ್ನು ಅನುಮಾನದಿಂದ ನೋಡಿಯಾರೇನೋ ಎಂದು ಕೊನೆಯದಾಗಿ ವಾಚ್‌ಮನ್ನನ ಕಡೆ ಕಣ್ಣು ಹಾಯಿಸಿ, ಅವನೂ ಸಲಾಮು ಹೊಡೆದಾಗ, ಬೀದಿಗೆ ಬಂದ. ಪಾಪು ಅರೆ ಒಣಗಿದ ಅಂಗಿ ತೊಟ್ಟು ಸ್ಕೂಟರಿಗೆ ಒರಗಿ ಕಾಯುತ್ತಿದ್ದ.

“ಮೇಲೆ ಇರು ಅಂದಿದ್ದೆನಲ್ಲ.”

“ಬಿಸಿಲಿಗೆ ಬಂದೆ. ಏನಂದ್ರು ಭಾವ?”

“ನಂಬ್ಲಿಲ್ಲ. ನಿನ್ನನ್ನ ಉಳಿಸೋಕೆ ನಾನು ಸುಳ್ಳು ಹೇಳ್ತಿದೀನಂತೆ.”

ಪಾಪು ಯೋಚಿಸಿದ. “ನಾನು ಹೋಗಿ ಹೇಳ್ಲಾ?”

“ಹೇಳು. ಭಾವನ್ನ ಉಳಿಸೋಕೆ ನೀನು ಸುಳ್ಳು ಹೇಳ್ತಿದೀಯ ಅಂತಾರೆ.”

ಒಂದು ಬಸ್ಸು ಹೋಯಿತು. ಯಾರೋ ಹೆಂಗಸು ಕೊಡೆ ಬಿಚ್ಚಲು ಒದ್ದಾಡುತ್ತಿದ್ದಳು.

“ಅಕ್ಕನಿಗೆ ಏನು ಹೇಳೋಣ?” ಎಂದ ಪಾಪು.

“ಇದ್ದದ್ದು ಇದ್ದ ಹಾಗೇ ಹೇಳೋಣ,” ಎಂದು ಅವನು ಸ್ಕೂಟರಿನ ಸ್ಟ್ಯಾಂಡು ಒದ್ದ. “ಅವಳೊಬ್ಬಳಾದ್ರೂ ನಂಬ್ತಾಳೆ.”